ಮೂರನೆಯ ಡಬ್ಬಿ

ಮೊದಲು ಸಿಟ್ಟನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಈಚೆಗೆ ನೆಂಟರೊಬ್ಬರ ಜೊತೆ ಕೋಲಾರದ ಹೊರಗಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಅವರ ಹಳೆಯ ಗಾಡಿ ಓಡುತ್ತಿದ್ದ ಹಾಗೆಯೇ ಆಫ್ ಆಗಿಬಿಡುತ್ತಿತ್ತು. ಅಲ್ಲಿಯ ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ, ಪರದೆ ನೋಡಿದ, ಬಾನೆಟ್ ಕೂಡ ಎತ್ತದೆ ಕಂಪ್ಯೂಟರ್ ಹೋಗಿದೆ, ಹೊಸದು ಹಾಕಬೇಕು ಎಂದ. ಯಾಕೆ ಹೋಯಿತಪ್ಪಾ ಎಂದು ಕೇಳಿದೆ. ಹೋಗಿದೆ ಅಂದರೆ ಹೋಗಿದೆ, ಅದಕ್ಕೆ ಯಾಕೆ ಗೀಕೆ ಎಲ್ಲ ಇರುವುದಿಲ್ಲ ಎಂದು ನನಗೇ ಪಾಠ ಹೇಳಿದ. ಈ ಜಿಲ್ಲೆಯ ಗಾಡಿಗಳ ವೈರು ಎಳೆಯುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮನೆಗೆ ಬಂದ ಮೇಲೂ ಮೈ ಉರಿಯುತ್ತಿತ್ತು, ಅದಕ್ಕೇ ಬರೆಯಲು ಕೂತೆ.

ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದದ್ದು ಅಷ್ಟೇ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಗೊತ್ತಿರುವುದರಿಂದ, ಬಡಿದ ಹುತ್ತಗಳ ಕಥೆಯನ್ನೂ ಹೇಳುತ್ತೇನೆ.

ನಮ್ಮದು ಆವನಿಯ ಕಡೆಯ ಮನೆತನ. ಅಜ್ಜ ಪೂಜೆ ಮಾಡುತ್ತಿದ್ದರು, ಅಪ್ಪ ಮುಳಬಾಗಿಲಿನಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುತ್ತಿದ್ದರು. ನಾನು ಐಟಿಐ ಮುಗಿಸಿ ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಬಾಷಾ ಭಾಯ್ ಅವರ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಸೇರಿದಾಗ ಮನೆಯಲ್ಲಿ ಒಂದು ವಾರ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಂಗಡಿಗೆ ಬರುತ್ತಿದ್ದ ಡ್ರೈವರುಗಳು ಮಾತ್ರ ನನಗೆ 'ವೈರಿಂಗ್ ಸ್ವಾಮಿ' ಎಂದು ಹೆಸರಿಟ್ಟು ಸಂತೋಷಪಟ್ಟರು. ನಾನು ನಿವೃತ್ತಿಯಾದರೂ ಆ ಹೆಸರು ನನ್ನನ್ನು ಬಿಟ್ಟಿಲ್ಲ.

ತೊಂಬತ್ತರ ದಶಕದ ಆ ಗಾಡಿಗಳು ಸರಳ ಜೀವಗಳು. ಡೀಸೆಲ್ ಇಂಜಿನ್ ಒಮ್ಮೆ ಶುರುವಾದರೆ ಅದಕ್ಕೆ ಕರೆಂಟಿನ ಹಂಗೇ ಇರಲಿಲ್ಲ. ಡೈನಮೋ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಬಾಷಾ ಭಾಯ್ ಮಾಡುತ್ತಿದ್ದುದು ಒಂದೇ ಕೆಲಸ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ಲನ್ನು ಕೈಯಿಂದ ಕಿತ್ತುಬಿಡುವುದು. ಹೆಡ್‌ಲೈಟು ಹಾಗೆಯೇ ಉರಿಯುತ್ತಿದ್ದರೆ ಡೈನಮೋ ಚೆನ್ನಾಗಿದೆ, ಮಂಕಾದರೆ ಇಲ್ಲ. ಕೋಲಾರ ಜಿಲ್ಲೆಯಲ್ಲಿ ಇದನ್ನು ಮಾಡದ ಮೆಕ್ಯಾನಿಕ್ ಇರಲಿಲ್ಲ, ಡ್ರೈವರುಗಳೂ ಮಾಡುತ್ತಿದ್ದರು. ಒಬ್ಬರ ಜೀಪು ಸ್ಟಾರ್ಟ್ ಆಗದಿದ್ದರೆ ಇನ್ನೊಬ್ಬರ ಓಡುತ್ತಿರುವ ಜೀಪಿನಿಂದ ಬ್ಯಾಟರಿ ಬಿಚ್ಚಿ ಕೊಡುವುದು ನೆರೆಹೊರೆಯ ಮರ್ಯಾದೆ ಎನಿಸಿತ್ತು.

ಆಮೇಲೆ ಡಬ್ಬಿ ಬಂತು. ಇಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಕೊಡಬೇಕು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಅದು. ಪಂಚಾಂಗದಷ್ಟು ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆ, ಅದರ ಮೈಗೆ ನೂರಾರು ವೈರು. ಕಂಪನಿಯವರು ಅದಕ್ಕೆ ಉದ್ದನೆಯ ಹೆಸರು ಹೇಳುತ್ತಿದ್ದರು, ನಾವು ಡಬ್ಬಿ ಎಂದೆವು. ಮಾಲೂರಿನ ಇಟ್ಟಿಗೆ ಗೂಡಿನ ಮಾಲೀಕರೊಬ್ಬರು ಅಂಥದ್ದೊಂದು ಹೊಸ ಗಾಡಿ ತಂದರು. ಅವರ ಹತ್ತಿರ ಹಳೆಯ ಕಾಲದಿಂದ ಇದ್ದ ಮೆಕ್ಯಾನಿಕ್ ಡೈನಮೋ ನೋಡೋಣ ಎಂದು ಅಭ್ಯಾಸಬಲದಿಂದ ಓಡುವ ಇಂಜಿನ್ನಿನ ಟರ್ಮಿನಲ್ ಕಿತ್ತ. ಬ್ಯಾಟರಿಯಲ್ಲಿ ಇಳಿಯಬೇಕಾಗಿದ್ದ ಕರೆಂಟು ದಾರಿ ಕಾಣದೆ ಡಬ್ಬಿಗೇ ನುಗ್ಗಿತು. ಗಾಡಿ ಅಲ್ಲೇ ಸತ್ತಿತು. ಮಾಲೀಕರು ಅವನನ್ನು ದಡ್ಡ, ಹಳ್ಳಿ ಗುಗ್ಗು ಎಂದು ಗೂಡಿನ ಕೆಲಸಗಾರರ ಮುಂದೆ ಬೈದರು. ನನಗೆ ಇವತ್ತಿಗೂ ಕೋಪ ಬರುವುದು ಅವನ ಮೇಲಲ್ಲ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಸೀಟಿನ ಬಟ್ಟೆಯನ್ನು ಹೇಗೆ ಒರೆಸಬೇಕೆಂದು ಒಂದು ಪುಟ ಪೂರ್ತಿ ಇಂಗ್ಲಿಷಿನಲ್ಲಿತ್ತು. ಟರ್ಮಿನಲ್ ಕೀಳಬೇಡಿ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಬಾನೆಟ್ ಕೆಳಗೆ ಅಂಟಿಸಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಎರಡು ಸಾವಿರ ಇಸವಿಯ ಆಚೆಗೆ ಕೋಲಾರದಲ್ಲಿ ಒಂದು ದೊಡ್ಡ ಸರ್ವಿಸ್ ಸೆಂಟರ್ ತೆರೆಯಿತು. ಬಾಷಾ ಭಾಯ್ ತಾವೇ ನನ್ನನ್ನು ಅಲ್ಲಿಗೆ ಕಳಿಸಿದರು. "ಇಲ್ಲಿ ಇನ್ಮೇಲೆ ಏನೂ ಇಲ್ಲ ಬೇಟಾ, ಆ ಡಬ್ಬೀನ ಕಲ್ತ್ಕೋ ಹೋಗು" ಎಂದರು. ಅಲ್ಲಿ ಸೇರಿದ ಹೊಸದರಲ್ಲಿ ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಕಾಮತ್ ಎಂಬ ಇಂಜಿನಿಯರ್ ಪಾಠ ಮಾಡಿದರು. ಅಂಥ ಗುರು ಸಿಕ್ಕಿದ್ದು ನನ್ನ ಪುಣ್ಯ. ಅವರು ಹೇಳುತ್ತಿದ್ದುದು ಇಷ್ಟು: ಡಬ್ಬಿಯನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ. ಅದಕ್ಕೆ ಸರಿಯಾದ ಕರೆಂಟು ಬರುತ್ತಿದೆಯೇ, ಕರೆಂಟು ವಾಪಸು ಹೋಗುವ ಅರ್ಥ್ ಗಟ್ಟಿಯಾಗಿದೆಯೇ, ಪಿನ್ನುಗಳಲ್ಲಿ ನೀರು ಪಾಚಿ ಇದೆಯೇ, ಇವೆಲ್ಲ ನೋಡಿದ ಮೇಲೂ ಅದೇ ಹೋಗಿದೆ ಎಂದಾದರೆ, ಯಾರು ಕೊಂದರು ಎಂದು ಗೊತ್ತಾಗುವ ತನಕ ಹೊಸದನ್ನು ಹಾಕಬೇಡಿ. ಹಾಕಿದರೆ ಅದೂ ಸಾಯುತ್ತದೆ. ಆ ತರಬೇತಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿದವರು ನಮ್ಮ ಸರ್ವಿಸ್ ಮ್ಯಾನೇಜರ್ ಪ್ರಭಾಕರ್. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವರು ಮಾಡಿದ್ದೆಲ್ಲ ಗೊತ್ತಿಲ್ಲದೆ ಮಾಡಿದ್ದಲ್ಲ.

ಮಧ್ಯದಲ್ಲಿ ಮುಳಬಾಗಿಲಿನ ವಕೀಲರೊಬ್ಬರ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಅವರ ಗಾಡಿಯ ಡಬ್ಬಿ ನಿಜವಾಗಿಯೂ ಹೋಗಿತ್ತು. ಆಯುಧಪೂಜೆಗೆ ಗಾಡಿ ತೊಳೆಸುವಾಗ ಬಾನೆಟ್ ಎತ್ತಿ ಪೈಪಿನಲ್ಲಿ ನೀರು ಹೊಡೆಸಿ, ಇಂಜಿನ್ನಿಗೂ ಅಭಿಷೇಕ ಮಾಡಿಸಿದ್ದರು. ಹೊಸದು ದುಬಾರಿ ಎಂದು ಬೆಂಗಳೂರಿನ ಗುಜರಿಯಿಂದ ಹಳೆಯ ಡಬ್ಬಿ ಹುಡುಕಿ ತಂದರು. ಸಾರ್, ಆ ಡಬ್ಬಿ ತನ್ನ ಹಳೆಯ ಗಾಡಿಯ ಕೀಯನ್ನು ಮಾತ್ರ ಗುರುತಿಸುತ್ತದೆ, ಮನೆ ನಾಯಿಯ ಹಾಗೆ, ಬೇರೆಯವರು ಕರೆದರೆ ಬರುವುದಿಲ್ಲ ಎಂದು ವಿವರಿಸಿದೆ. ನೀವು ಬೇಕೆಂದೇ ಬೀಗ ಹಾಕಿದ್ದೀರಿ, ಕೋರ್ಟಿಗೆ ಎಳೆಯುತ್ತೇನೆ ಎಂದು ಹಾರಾಡಿದರು. ಎಳೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರುವರ್ಷವೂ ಆಯುಧಪೂಜೆಗೆ ಅವರು ಇಂಜಿನ್ ತೊಳೆಸಿದರೆಂದು ಕೇಳಿದೆ.

ಈಗ ಶ್ರೀನಿವಾಸಪುರದ ಕಥೆ. ಅಲ್ಲಿಯ ಮಾವಿನ ಮಂಡಿಯ ಮಾಲೀಕರು ನಾರಾಯಣ ರೆಡ್ಡಿ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಒಂದು ದೊಡ್ಡ ಎಸ್‌ಯುವಿಯನ್ನು ಕೊಂಡು ತಂದಿದ್ದರು. ಗಾಡಿ ಹಳೆಯದು, ಬಣ್ಣ ಮಾತ್ರ ಹೊಸದು. ಅವರೇ ಮತ್ತೆ ಹೊಡೆಸಿದ ಕಡು ಮರೂನ್ ಬಣ್ಣ. ಆ ಬಣ್ಣದ ಮೇಲೆ ಅವರಿಗೆ ಎಷ್ಟು ಮೋಹವೆಂದರೆ, ಯಾರಾದರೂ ಬಾಗಿಲಿಗೆ ಒರಗಿ ನಿಂತರೂ ಗದರುತ್ತಿದ್ದರು. ಗಾಡಿ ಓಡಿಸುತ್ತಿದ್ದವನು ಚೌಡಪ್ಪ. ಅದೇ ತಾಲ್ಲೂಕಿನ ಹಳ್ಳಿಯವನು, ನಡುವಯಸ್ಸಿನವನು, ಮಾತು ಕಡಿಮೆ. ಸರ್ವಿಸಿಗೆ ಬಂದಾಗ ಬೇರೆ ಡ್ರೈವರುಗಳು ಟೀ ಅಂಗಡಿಯಲ್ಲಿ ಕೂತರೆ ಇವನು ಗಾಡಿ ಒರೆಸುತ್ತ ನಿಂತಿರುತ್ತಿದ್ದ.

ಒಂದು ವರ್ಷ ಮಾವಿನ ಸುಗ್ಗಿ ಶುರುವಾದ ಹೊತ್ತಿನಲ್ಲಿ ಆ ಗಾಡಿ ಕೋಲಾರದ ದಾರಿಯಲ್ಲಿ ಇಂಜಿನ್ ಬಿಸಿಯೇರಿದೊಡನೆ ಆಫ್ ಆಗತೊಡಗಿತು. ತಣ್ಣಗಾದರೆ ಮತ್ತೆ ಓಡುವುದು, ಮತ್ತೆ ನಿಲ್ಲುವುದು. ಕೊನೆಗೆ ಎಳೆದುಕೊಂಡು ಬಂದರು. ಸ್ಕ್ಯಾನರು ಡಬ್ಬಿಯ ಒಳಗಿನ ದೋಷ ಎಂದಿತು. ಅರ್ಥ್ ನೋಡೋಣ, ಕಾರಣ ಹುಡುಕೋಣ ಎಂದು ನಾನು ಪ್ರಭಾಕರ್ ಅವರಿಗೆ ಹೇಳಿದೆ. ಹೊರಗೆ ಸಾಲುಗಟ್ಟಿ ಗಾಡಿ ನಿಂತಿವೆ, ಸಂಶೋಧನೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ಹೊಸ ಡಬ್ಬಿ ತರಿಸಿದರು, ನನ್ನ ಕೈಯಲ್ಲೇ ಹಾಕಿಸಿದರು, ಗಾಡಿ ಕಳಿಸಿದರು. ಗಾಡಿ ಚೆನ್ನಾಗಿಯೇ ಓಡಿತು, ಮುಂದಿನ ಸುಗ್ಗಿ ಬರುವ ತನಕ.

ಮುಂದಿನ ಸುಗ್ಗಿ ಶುರುವಾದೊಡನೆ ಮತ್ತೆ ಅದೇ ರೋಗ, ಗಾಡಿಯನ್ನು ಮತ್ತೆ ನಮ್ಮಲ್ಲಿಗೆ ಎಳೆದು ತಂದರು. ಎರಡನೆಯ ಡಬ್ಬಿಯೂ ಸತ್ತಿತ್ತು. ರೆಡ್ಡಿಯವರು ಫೋನಿನಲ್ಲಿ ಕೂಗಾಡಿದ್ದು ಪ್ರಭಾಕರ್ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸುತ್ತಿತ್ತು. ಅವರು ಕೂಗಾಡಿದ್ದರಲ್ಲಿ ತಪ್ಪಿಲ್ಲ. ಹೊಸ ಡಬ್ಬಿ ವರ್ಷ ತುಂಬುವ ಮೊದಲೇ ಹೋದರೆ ಕಂಪನಿಯವರು ನಮ್ಮನ್ನೇ ಕಾರಣ ಕೇಳುತ್ತಾರೆ. ಪ್ರಭಾಕರ್ ಹತ್ತಿರ ಕಾರಣ ಇರಲಿಲ್ಲ. ಆಗ ಅವರು ಫೋನಿನಲ್ಲಿ ಆಡಿದ ಮಾತು ಇದು: "ಈ ಡಬ್ಬಿಗಳಿಗೆ ಬೆಂಗಳೂರಲ್ಲಿ ಒಳ್ಳೆ ಮಾರ್ಕೆಟ್ ಇದೆ ಸಾರ್. ಒಳ್ಳೇದನ್ನ ಮಾರ್ಕೊಂಡು ಕೆಟ್ಟಿದ್ದನ್ನ ಸಿಗ್ಸಿರ್ತಾರೆ. ದಿನಾ ಗಾಡಿ ಜೊತೆ ಇರೋರು ಯಾರು, ನೀವೇ ಯೋಚ್ನೆ ಮಾಡಿ." ಹೇಳಿ ಫೋನಿಟ್ಟು, ನನ್ನ ಕಡೆ ನೋಡಿ, ಟೀ ತರಿಸಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಹೀಗೆ. ಬರೆ ಹಾಕಿದವರು ಆಮೇಲೆ ಟೀ ಕುಡಿದರು.

ಆ ಮಾತು ಶ್ರೀನಿವಾಸಪುರದಲ್ಲಿ ಏನಾಯಿತೆಂದು ನನಗೆ ತಿಳಿದದ್ದು ಚೌಡಪ್ಪನೇ ನಮ್ಮಲ್ಲಿಗೆ ಬಂದಾಗ. ವಾಚ್‌ಮನ್ ಅವನನ್ನು ಒಳಗೆ ಬಿಟ್ಟಿರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ರೆಡ್ಡಿಯವರು ಮಂಡಿಯಲ್ಲಿ, ಹರಾಜು ನಡೆಯುತ್ತಿರುವಾಗ, ಹಮಾಲಿಗಳು, ತೋಟದವರು, ವ್ಯಾಪಾರಿಗಳು ಎಲ್ಲರ ಮುಂದೆ ಅವನನ್ನು ಕರೆಸಿ, ಡಬ್ಬಿ ಮಾರಿಕೊಂಡ ಕಳ್ಳ ಎಂದು ಕೂಗಿ, ಅವನ ಹತ್ತಿರವಿದ್ದ ಇನ್ನೊಂದು ಕೀ ಕಿತ್ತುಕೊಂಡು ಕಳಿಸಿದ್ದರು. ಸುಗ್ಗಿಯಲ್ಲಿ ಡ್ರೈವರುಗಳಿಗೆ ಎಲ್ಲೆಲ್ಲೂ ಕೆಲಸ. ಅವನು ಕೇಳಿದ ಕಡೆಯೆಲ್ಲ ಇಲ್ಲ ಎಂದಿದ್ದರು. ಡ್ರೈವರ್ ಹತ್ತಿರ ಇರುವುದು ಒಂದು ಲೈಸೆನ್ಸು, ಒಂದು ಹೆಸರು. ಲೈಸೆನ್ಸ್ ಕಳೆದರೆ ಆರ್‌ಟಿಓದವರು ಇನ್ನೊಂದು ಕೊಡುತ್ತಾರೆ.

"ಆ ಡಬ್ಬಿ ಗಾಡೀಲಿ ಎಲ್ಲಿರ್ತೈತೆ ಅಂತಾನೂ ನಂಗ್ ಗೊತ್ತಿಲ್ಲ ಸ್ವಾಮಿ" ಎಂದ ಚೌಡಪ್ಪ. "ನಮ್ಮ ಹುಡ್ಗಿ ಸ್ಕೂಲ್‌ಗೆ ಹೋಗಲ್ಲ ಅಂತಾಳೆ. ಅಲ್ಲಿ ಮಕ್ಕಳು ಡಬ್ಬಿ ಡಬ್ಬಿ ಅಂತ ಕೂಗ್ತಾವಂತೆ."

ನೀವು ಒಳಗೆ ಬನ್ನಿ ಎಂದು ಕರೆಯುವ ಅಧಿಕಾರವೂ ನನಗೆ ಇರಲಿಲ್ಲ. ಊರಿಗೆ ಹೋಗಿ, ನಾನು ನೋಡುತ್ತೇನೆ ಎಂದಷ್ಟೇ ಹೇಳಿದೆ.

ನೇರವಾಗಿ ಹೋಗಿ ಗಾಡಿಯ ಒಳಗಿನ ಮುಚ್ಚಳ ಬಿಚ್ಚಿದೆ. ಬಾಷಾ ಭಾಯ್ ಕಲಿಸಿದ ಒಂದು ಅಭ್ಯಾಸ ನನಗಿದೆ. ಬಿಗಿದ ಬೋಲ್ಟಿನ ತಲೆಗೂ ಅದರ ಕೆಳಗಿನ ತಗಡಿಗೂ ಸೇರಿಸಿ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚುತ್ತೇನೆ. ಆಮೇಲೆ ಯಾರಾದರೂ ಬೋಲ್ಟ್ ತಿರುಗಿಸಿದರೆ ಆ ಬಣ್ಣ ಒಡೆದು ಹೇಳಿಬಿಡುತ್ತದೆ. ಅಂಗಡಿಯವಳು ನಾನು ಕೆಂಪು ನೇಲ್ ಪಾಲಿಶ್ ಕೊಳ್ಳುವುದನ್ನು ನೋಡಿ ನಗುತ್ತಿದ್ದಳು, ಅದು ಬೇರೆ ವಿಷಯ. ಹಿಂದಿನ ವರ್ಷ ನಾನು ಹಚ್ಚಿದ ಬಣ್ಣ ನಾಲ್ಕೂ ಬೋಲ್ಟಿನ ಮೇಲೆ ಕೂದಲಷ್ಟೂ ಬಿರುಕಿಲ್ಲದೆ ಇತ್ತು. ಆ ಡಬ್ಬಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಪ್ರಭಾಕರ್ ಅವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. ರೆಡ್ಡಿಯವರಿಗೆ ಫೋನ್ ಮಾಡಿ ಹೇಳಿ ಸಾರ್ ಎಂದೆ. ಅದು ಮಾಲೀಕ ಡ್ರೈವರ್ ನಡುವಿನ ವಿಷಯ, ನಾವ್ಯಾಕೆ ತಲೆ ಹಾಕಬೇಕು, ಮೂರನೆಯ ಡಬ್ಬಿಗೆ ಹೇಳಿದ್ದೇನೆ, ಬಂದ ಕೂಡಲೇ ಹಾಕಿ ಗಾಡಿ ಕಳಿಸಿ ಎಂದರು. ಎರಡನ್ನು ಕೊಂದದ್ದು ಯಾವುದು ಎಂದು ತಿಳಿಯದೆ ಮೂರನೆಯದನ್ನು ನಾನು ಹಾಕುವುದಿಲ್ಲ ಎಂದೆ. ಕೆಲಸಕ್ಕೆ ಸೇರಿದ ಮೇಲೆ ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಕಾಮತ್ ಹೇಳಿದ್ದು ನಿಮಗೂ ನೆನಪಿರಬೇಕಲ್ಲ ಎಂದೂ ಕೇಳಿದೆ. ಅವರಿಗೆ ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಪಾರ್ಟು ಬರುವ ತನಕ ಏನು ಬೇಕಾದರೂ ಹುಡುಕಿಕೊಳ್ಳಿ ಎಂದು ಹೊರಟುಹೋದರು.

ಹುಡುಕಲು ಅಂಥ ಕಷ್ಟವೇನೂ ಆಗಲಿಲ್ಲ, ಇದೇ ನನ್ನ ಹೊಟ್ಟೆ ಉರಿಸುವುದು. ಇಂಜಿನ್ನಿನಿಂದ ಗಾಡಿಯ ಮೈಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ, ಅದೇ ಅರ್ಥ್ ಪಟ್ಟಿ. ಅದರ ಮೇಲಿನ ಪ್ಲಾಸ್ಟಿಕ್ ಕರಗಿ ಇಳಿದಿತ್ತು, ತಾಮ್ರ ನೀಲಿಗಟ್ಟಿತ್ತು. ಗಾಡಿಯದೇ ಕರೆಂಟು ಅದನ್ನು ಅಷ್ಟು ಸುಡಲಾರದು. ಇನ್ನೂ ನೋಡಿದೆ. ಇಂಜಿನ್ ಎತ್ತಲು ಇರುವ ಕೊಕ್ಕೆಯ ಮೇಲೆ ಹಲ್ಲು ಕಚ್ಚಿದ ಗುರುತು, ಪಕ್ಕದಲ್ಲಿ ಕಿಡಿ ಹಾರಿ ಕಬ್ಬಿಣ ಕರಗಿದ ಸಣ್ಣ ಗುಳಿ. ವೆಲ್ಡಿಂಗ್ ಮಿಷಿನ್ನಿನ ಅರ್ಥ್ ವೈರನ್ನು ಕಬ್ಬಿಣಕ್ಕೆ ಕಚ್ಚಿಸುವ ಕ್ಲಾಂಪಿನ ಗುರುತು ಅದು. ಆಗ ತಲೆ ಎತ್ತಿ ಗಾಡಿಯ ಚಾವಣಿ ನೋಡಿದೆ. ಮೇಲೆ ಮಾವಿನ ಕ್ರೇಟು ಇಡಲು ಕಬ್ಬಿಣದ ಕ್ಯಾರಿಯರ್. ಅದರ ಕಾಲುಗಳ ಬುಡದಲ್ಲಿ ಹೊಸ ವೆಲ್ಡಿಂಗ್, ಅದರ ಮೇಲೆ ಹೊಸ ಕಪ್ಪು ಬಣ್ಣ. ಹೊಸ ವೆಲ್ಡಿಂಗಿನ ಪಕ್ಕದಲ್ಲಿ ಹಿಂದಿನ ವರ್ಷದ ಹಳೆಯ ವೆಲ್ಡಿಂಗನ್ನು ಉಜ್ಜಿ ತೆಗೆದ ಕಲೆ.

ಬೆಂಗಳೂರಿಗೆ ಕಾಮತ್ ಅವರಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳುವ ಮೊದಲೇ, ಬ್ಯಾಟರಿ ಬಿಚ್ಚಿದ್ದರೇ ಎಂದು ಕೇಳಿದರು. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಟರ್ಮಿನಲ್ಲನ್ನೂ ಡಬ್ಬಿಯ ಪ್ಲಗ್ಗನ್ನೂ ಕಳಚದಿದ್ದರೆ, ವೆಲ್ಡಿಂಗಿನ ಕರೆಂಟು ಅರ್ಥ್ ವೈರುಗಳ ಮೂಲಕ ಡಬ್ಬಿಯ ಒಳಗೂ ಹಾಯುತ್ತದೆ. ಕೆಲವು ತಕ್ಷಣ ಸಾಯುತ್ತವೆ, ಕೆಲವು ಒಳಗೇ ಸುಟ್ಟುಕೊಂಡು, ಬಿಸಿಯಾದಾಗಲೆಲ್ಲ ಕೈ ಕೊಡುತ್ತ ನಿಧಾನವಾಗಿ ಸಾಯುತ್ತವೆ ಎಂದರು. ರೆಡ್ಡಿಯವರ ಗಾಡಿಯ ರೋಗವನ್ನು ನೋಡದೆಯೇ ಹೇಳಿಬಿಟ್ಟರು.

ರಜೆ ಹಾಕಿ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಮಂಡಿಗಳ ಸಾಲಿನ ಹಿಂದೆ ವೆಲ್ಡಿಂಗ್ ಅಂಗಡಿ ಇತ್ತು. ಸುಗ್ಗಿಗೆ ಮುಂಚೆ ಆ ಊರಿನಲ್ಲಿ ಗಾಡಿಗಳಿಗೆಲ್ಲ ಕ್ಯಾರಿಯರ್ ಕೂರಿಸುವುದು, ಸುಗ್ಗಿ ಮುಗಿದ ಮೇಲೆ ಅಂದ ಕೆಡುತ್ತದೆಂದು ಕತ್ತರಿಸಿ ತೆಗೆಸುವುದು ವಾಡಿಕೆ. ಅಂಗಡಿಯವನು ಯಾವುದನ್ನೂ ಮುಚ್ಚಿಡಲಿಲ್ಲ.

"ರೆಡ್ಡಿಯವ್ರೇ ಪಕ್ಕದಲ್ಲಿ ನಿಂತಿದ್ರಲ್ಲ ಸ್ವಾಮಿ" ಎಂದ. "ಕ್ಲಾಂಪ್ ಹಿಡೀಬೇಕಂದ್ರೆ ಪೇಂಟ್ ಕೆರೀಬೇಕು. ಕಾಲಿನ ಬುಡದ್ದು ಕಪ್ಪು ಪೇಂಟಲ್ಲಿ ಮುಚ್ಚೋಗುತ್ತೆ, ಬೇರೆ ಕಡೆ ಪೇಂಟ್ ಮುಟ್ಟಿದ್ರೆ ಕೈ ಮುರೀತೀನಿ ಅಂದ್ರು. ಅದಕ್ಕೆ ಬಾನೆಟ್ ಎತ್ತಿ ಇಂಜಿನ್‌ಗೆ ಹಾಕ್ದೆ. ಎರಡು ವರ್ಷಾನೂ ಹಂಗೇ ಮಾಡಿದ್ದು."

ಅಷ್ಟೇ. ಚಾವಣಿಯ ಕ್ಯಾರಿಯರ್ ಹತ್ತಿರವೇ ಒಂದಿಷ್ಟು ಬಣ್ಣ ಕೆರೆದು ಕ್ಲಾಂಪ್ ಹಾಕಿ, ಬ್ಯಾಟರಿ ಬಿಚ್ಚಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಬಣ್ಣ ಉಳಿಯಲೆಂದು ಕರೆಂಟನ್ನು ಗಾಡಿಯ ಉದ್ದಕ್ಕೂ, ಡಬ್ಬಿಯ ಅರ್ಥಿನ ಮೂಲಕ ಹರಿಸಿದ್ದರು. ಉಗುರಗಲದ ಬಣ್ಣ ಉಳಿಯಿತು, ಒಬ್ಬ ಮನುಷ್ಯನ ಮಾನ ಹೋಯಿತು. ಇದನ್ನು ಯಾರಿಗೆ ಹೇಳಿ ಅಳಬೇಕು? ವೆಲ್ಡಿಂಗಿನವನಿಗೆ ಕಂಪ್ಯೂಟರಿನ ವಿಷಯ ಗೊತ್ತಿರಲಿಲ್ಲ, ರೆಡ್ಡಿಯವರಿಗೂ ಗೊತ್ತಿರಲಿಲ್ಲ, ಅದನ್ನು ಕ್ಷಮಿಸುತ್ತೇನೆ. ಗೊತ್ತಿದ್ದ ನಾವು ಮೊದಲನೆಯ ಸಲವೇ ಆ ಪಟ್ಟಿಯನ್ನು ನೋಡಿದ್ದರೆ ಎರಡನೆಯ ಡಬ್ಬಿಯ ಪ್ರಶ್ನೆಯೇ ಇರುತ್ತಿರಲಿಲ್ಲ. ನೋಡಲು ಬಿಡದವರನ್ನು ನಾನು ಕ್ಷಮಿಸಿಲ್ಲ.

ಅಲ್ಲಿಂದ ಮಂಡಿಗೆ ಹೋದೆ. ರೆಡ್ಡಿಯವರು ಗಲ್ಲಾದ ಹಿಂದೆ ಕೂತಿದ್ದರು. ನೇಲ್ ಪಾಲಿಶ್ ವಿಷಯ, ಪಟ್ಟಿಯ ವಿಷಯ, ಕ್ಲಾಂಪಿನ ವಿಷಯ ಎಲ್ಲ ಹೇಳಿದೆ. ಅವರು ದಡ್ಡರಲ್ಲ, ಕೂಡಲೇ ಅರ್ಥವಾಯಿತು. ಮುಂದಿದ್ದ ಬಾದಾಮಿ ಮಾವಿನ ಹಣ್ಣೊಂದನ್ನು ಕೈಗೆತ್ತಿಕೊಂಡು ತಿರುಗಿಸಿದರು.

"ಪೋನೀಲೆ, ಹೋಗ್ಲಿ ಬಿಡು ಸ್ವಾಮಿ, ಆಗಿದ್ದು ಆಗೋಯ್ತು" ಎಂದರು. "ಇನ್ನೊಂದ್ ಡಬ್ಬಿ ಹಾಕಿ ಗಾಡಿ ಕಳ್ಸು."

ಚೌಡಪ್ಪನ ಗತಿ ಏನು ಎಂದು ಕೇಳಿದೆ. ಅವನೆಲ್ಲಾದರೂ ಸೇರಿಕೊಳ್ಳುತ್ತಾನೆ ಬಿಡು ಎಂದರು. ಈ ಊರಿನಲ್ಲಿ ಅವನನ್ನು ಯಾರು ಸೇರಿಸಿಕೊಳ್ಳುತ್ತಾರೆ, ನೀವೇ ಹೇಳಿ ಎಂದೆ. ಯಾರೋ ತೋಟದವರು ಬಂದರು, ರೆಡ್ಡಿಯವರು ಅವರ ಕಡೆ ತಿರುಗಿ ಮಾತಾಡತೊಡಗಿದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕೋಲಾರದ ತನಕ ನನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದೆ, ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು.

ಮೂರನೆಯ ಡಬ್ಬಿ ಬಂತು. ಅದನ್ನು ಹೇಗೆ ಹಾಕಿದೆ ಎಂದು ಹೇಳುತ್ತೇನೆ, ಹೊಸಬರು ಗಮನವಿಟ್ಟು ಓದಿ. ಮೊದಲು ಬ್ಯಾಟರಿ ಬಿಚ್ಚಿ, ಉಳಿದ ಕರೆಂಟು ಇಳಿಯುವ ತನಕ ಕಾದೆ. ಸುಟ್ಟ ಅರ್ಥ್ ಪಟ್ಟಿಯನ್ನು ಎಸೆದು ಹೊಸದು ಹಾಕಿದೆ, ಅದು ಕೂರುವ ಜಾಗವನ್ನು ಕಬ್ಬಿಣ ಹೊಳೆಯುವಂತೆ ಉಜ್ಜಿದೆ. ಡಬ್ಬಿಗೆ ಹೋಗುವ ವೈರಿನ ಕಟ್ಟನ್ನು ಬಿಚ್ಚಿ ಎಲ್ಲೆಲ್ಲಿ ಮೈ ಕರಗಿದೆ ನೋಡಿದೆ. ಎರಡು ಅರ್ಥ್ ವೈರು ಒಳಗೇ ಸುಟ್ಟಿದ್ದವು, ಅವನ್ನೂ ಬದಲಿಸಿದೆ. ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಹೊಸ ಡಬ್ಬಿಯ ನಂಬರು ಗಾಡಿಗೆ ಸರಿಹೊಂದುತ್ತದೆಯೇ ಎಂದು ತಾಳೆ ನೋಡಿ ಆಮೇಲೆ ಕೂರಿಸಿದೆ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಮೇಲೆ ಒಂದೊಂದಕ್ಕೂ ಅದರದೇ ಸಂಖ್ಯೆ ಇರುತ್ತದೆ, ಅವನ್ನು ಲ್ಯಾಪ್‌ಟಾಪಿನಿಂದ ಡಬ್ಬಿಗೆ ಕಲಿಸಿದೆ. ಗಾಡಿಯ ಕೀಯನ್ನು ಅದಕ್ಕೆ ಪರಿಚಯ ಮಾಡಿಸಿದೆ. ಸ್ಟಾರ್ಟ್ ಮಾಡುವಾಗ ಅರ್ಥಿನಲ್ಲಿ ಎಷ್ಟು ವೋಲ್ಟು ಸೋರುತ್ತಿದೆ ಎಂದು ಮೀಟರಿನಲ್ಲಿ ನೋಡಿ, ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬೋಲ್ಟಿಗೆ ನೇಲ್ ಪಾಲಿಶ್ ಹಚ್ಚಿದೆ. ಡಬ್ಬಿ ಬದಲಾಯಿಸುವುದು ಎಂದರೆ ಇಷ್ಟೂ ಕೆಲಸ. ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಬಿಗಿಯುವುದಕ್ಕೆ ಮೆಕ್ಯಾನಿಕ್ ಯಾಕೆ ಬೇಕು?

ಆಮೇಲೆ ಟ್ರಯಲ್. ಬಿಸಿಯಾದಾಗ ಮಾತ್ರ ಬರುವ ರೋಗವನ್ನು, ಅದನ್ನು ಕಾಲಿನಲ್ಲಿ ಅನುಭವಿಸಿದ ಡ್ರೈವರೇ ಓಡಿಸಿ ನೋಡಬೇಕು, ಬೇರೆಯವರಿಗೆ ಅದು ಸಿಕ್ಕುವುದಿಲ್ಲ. ಇದು ನನ್ನ ನಿಯಮ. ಚೌಡಪ್ಪನನ್ನು ಕರೆಸುತ್ತೇನೆ ಎಂದು ಪ್ರಭಾಕರ್ ಅವರಿಗೆ ಹೇಳಿದೆ. ಕಳ್ಳ ಎಂದು ಹೆಸರು ಬಂದವನ ಕೈಗೆ ಕಸ್ಟಮರ್ ಗಾಡಿ ಕೊಡುವುದೇ ಎಂದರು.

"ಆ ಹೆಸರು ಕೊಟ್ಟೋರು ಯಾರು ಸಾರ್?" ಎಂದು ಕೇಳಿದೆ.

ಅವರು ಮೇಜಿನ ಮೇಲಿದ್ದ ಕಾಗದ ಸರಿಪಡಿಸಿದರು. ನಿಮ್ಮಿಷ್ಟ, ಏನಾದರೂ ಆದರೆ ಜವಾಬ್ದಾರಿ ನಿಮ್ಮದು ಎಂದರು. ಜವಾಬ್ದಾರಿ ಯಾವತ್ತೂ ನಮ್ಮದೇ ಆಗಿತ್ತು, ಹೊಸದಾಗಿ ಕೊಡುವ ಅಗತ್ಯವಿರಲಿಲ್ಲ.

ಚೌಡಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಂದ. ಯಾಕೆ ಕರೆಸಿದೆ, ಡಬ್ಬಿ ಯಾಕೆ ಸತ್ತಿತ್ತು ಎಂದು ಎಲ್ಲ ಹೇಳಿದೆ. ವೆಲ್ಡಿಂಗಿನ ವಿಷಯ ಕೇಳಿ ಅವನು ಹೂಂ ಎಂದು ಕೀಗೆ ಕೈ ಚಾಚಿದ. ಶ್ರೀನಿವಾಸಪುರದ ಹೊರಗಿನ ಪೆಟ್ರೋಲ್ ಬಂಕಿನ ತನಕ ಹೋಗಿ ವಾಪಸು ಬರುವುದೆಂದು ಮಾತಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಟ್ರಯಲ್ಲಿಗೆ ಹೇಳಿ ಮಾಡಿಸಿದ ಮಧ್ಯಾಹ್ನ. ಗಾಡಿ ಎಲ್ಲೆಲ್ಲಿ ನಿಲ್ಲುತ್ತಿತ್ತೋ ಅಲ್ಲೆಲ್ಲ ಅವನು ಬೇಕೆಂದೇ ಎಸಿ ಹಾಕಿ, ಗೇರು ಇಳಿಸಿ, ಇಂಜಿನ್ನಿಗೆ ಭಾರ ಕೊಟ್ಟು ನೋಡಿದ. ಇಂಜಿನ್ ಒಂದು ಕಡೆಯೂ ಉಸಿರು ಕಟ್ಟಿ ನಿಲ್ಲಲಿಲ್ಲ. ಬಂಕು ಬಂತು. ಚೌಡಪ್ಪ ನಿಲ್ಲಿಸಲಿಲ್ಲ. ನಾನು ಅವನ ಮುಖ ನೋಡಿದೆ.

ಗಾಡಿ ನೇರವಾಗಿ ಮಂಡಿಯ ಒಳಗೆ ಹೋಗಿ ರೆಡ್ಡಿಯವರ ಅಂಗಡಿಯ ಮುಂದೆ ನಿಂತಿತು. ಹರಾಜು ನಡೆಯುತ್ತಿತ್ತು, ತೋತಾಪುರಿಯ ರಾಶಿಯ ಸುತ್ತ ಜನ ತುಂಬಿದ್ದರು. ಚೌಡಪ್ಪ ಇಂಜಿನ್ ಆಫ್ ಮಾಡಿದ, ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಆಫ್ ಮಾಡಿ ಕೀ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಇಳಿದ. ಅವನನ್ನು ನೋಡಿದ ಕೂಡಲೇ ಹರಾಜು ಕೂಗುತ್ತಿದ್ದವನು ಸುಮ್ಮನಾದ.

ರೆಡ್ಡಿಯವರು ನನ್ನನ್ನೂ ಅವನನ್ನೂ ನೋಡಿದರು. ನಗಲು ಪ್ರಯತ್ನಿಸಿದರು. "ಗಾಡಿ ಸರಿಯಾಯ್ತಾ? ಒಳ್ಳೇದಾಯ್ತು. ಲೇ ಚೌಡ, ನಾಳೆಯಿಂದ ಬಂದ್ಬಿಡು" ಎಂದರು.

"ಕೆಲ್ಸ ಕೇಳೋಕ್ ಬಂದಿಲ್ಲ ಅಣ್ಣಾ" ಎಂದ ಚೌಡಪ್ಪ. "ಇಲ್ಲೇ ನಿಂತ್ಕೊಂಡು ಕಳ್ಳ ಅಂದ್ರಿ. ಇಲ್ಲೇ ನಿಂತ್ಕೊಂಡು ಅಲ್ಲ ಅನ್ನಿ."

ರೆಡ್ಡಿಯವರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಹಾಕಿ, ಏನೋ ಗೊತ್ತಾಗದೆ ಆಗಿಹೋಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಮೆಲ್ಲಗೆ ಹೇಳಿದರು. ಪಕ್ಕದಲ್ಲಿದ್ದ ನನಗೇ ಅದು ಅರ್ಧ ಕೇಳಿಸಿತು.

"ಅವತ್ತು ಎಲ್ರಿಗೂ ಕೇಳಿಸ್ತು ಅಣ್ಣಾ" ಎಂದ ಚೌಡಪ್ಪ, ಕದಲದೆ.

ಹಮಾಲಿಗಳು ಕ್ರೇಟು ಕೆಳಗಿಟ್ಟು ನಿಂತಿದ್ದರು. ರೆಡ್ಡಿಯವರ ಕೈ ಅವನ ಹೆಗಲಿನಿಂದ ಇಳಿಯಿತು. ಮುಖ ಕೆಂಪಾಗಿತ್ತು. ಬೈದು ಕಳಿಸುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, ಹರಾಜು ಕೂಗುವಷ್ಟೇ ಗಟ್ಟಿಯಾಗಿ, ಚೌಡಪ್ಪ ಕಳ್ಳನಲ್ಲ, ಡಬ್ಬಿ ಕೆಡಿಸಿದ್ದು ನಾನೇ ಎಂದರು. ಆಂಧ್ರದ ಕಡೆಯಿಂದ ಬಂದ ವ್ಯಾಪಾರಿಗಳು ಹಿಂದೆ ನಿಂತಿದ್ದರು. ಚೌಡಪ್ಪ ಅವರ ಕಡೆ ತಿರುಗಿ ನೋಡಿದ. ರೆಡ್ಡಿಯವರು ಅದನ್ನೇ ತೆಲುಗಿನಲ್ಲೂ ಹೇಳಿದರು.

ಆಮೇಲೆಯೇ ಅವನು ಮುಷ್ಟಿ ಬಿಚ್ಚಿ ಕೀಯನ್ನು ಅವರ ಕೈಯಲ್ಲಿಟ್ಟದ್ದು.